ಮೂಸೆಗೆ ಹಾಕುವ ಮೊದಲು ಅಂಚು ಓದಿ

ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಚಿನ್ನ-ಬೆಳ್ಳಿ ಅಂಗಡಿಯವರಿಗೆ, ಗಿರವಿ ಅಂಗಡಿಯವರಿಗೆ, ನನ್ನ ಅಕ್ಕಸಾಲಿ ಬಂಧುಗಳಿಗೆ, ಮತ್ತು ಎರಡೂ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಚಿಂತಾಮಣಿಯ ಅಕ್ಕಸಾಲಿ. ತಾತ, ಅಪ್ಪ, ಈಗ ನಾನು, ಮೂರು ತಲೆಮಾರಿನಿಂದ ಇದೇ ಕುಲುಮೆ, ಇದೇ ತಕ್ಕಡಿ. ಈ ಕಾಗದವನ್ನು ಮೊದಲು ನನ್ನ ಕಸುಬಿನವರಿಗೇ ಬರೆಯುತ್ತಿದ್ದೇನೆ. ಅಧಿಕಾರಿಗಳಿಗೆ ಹೇಳಬೇಕಾದದ್ದು ಆಮೇಲೆ ಇದೆ.

ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಏನಾಗುತ್ತಿದೆ ಅಂತ ನಿಮಗೆಲ್ಲ ಗೊತ್ತು. ಅಟ್ಟದ ಮೇಲಿನ ಡಬ್ಬಿಗಳು ಕೆಳಗೆ ಇಳಿಯುತ್ತಿವೆ. ಸವೆದ ಕಾಲುಂಗುರ, ತುಂಡಾದ ಉಡಿದಾರ, ಸೊಟ್ಟಗಾದ ಕುಂಕುಮದ ಬಟ್ಟಲು, ವಿಕ್ಟೋರಿಯಾ ರಾಣಿಯ ರೂಪಾಯಿ, ಎಲ್ಲ ಒಂದೇ ಬಟ್ಟೆಗಂಟಿನಲ್ಲಿ ಬರುತ್ತವೆ. ಆ ಗಂಟಿನಲ್ಲಿ ಆಗಾಗ ಒಂದು ದಪ್ಪ ಬಿಲ್ಲೆ ಇರುತ್ತದೆ. ರೂಪಾಯಿಗಿಂತ ದೊಡ್ಡದು. ಒಂದು ಕಡೆ ರಾಜನ ತಲೆ. ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬೆತ್ತಲೆ ಮನುಷ್ಯ, ಪಕ್ಕದಲ್ಲಿ 1914, 1918 ಅಂತ ಇಸವಿ. ಕೆಲವಕ್ಕೆ ಮೇಲಿನ ಕೊಂಡಿ ಹೋಗಿ, ಅಲ್ಲಿ ಯಾರೋ ಬೆಸೆದ ಸಣ್ಣ ಬಳೆ ಇರುತ್ತದೆ. ಮಗುವಿನ ಕೊರಳಿಗೋ ಸೊಂಟಕ್ಕೋ ಕಟ್ಟಿದ್ದರ ಗುರುತು. ನಾವು ತೂಕ ಹಾಕುತ್ತೇವೆ, ಒರೆ ನೋಡುತ್ತೇವೆ, ದುಡ್ಡು ಎಣಿಸಿ ಕೊಡುತ್ತೇವೆ. ಸಂಜೆ ಹೊತ್ತಿಗೆ ಅದು ಲೋಹ ಕರಗಿಸುವ ಮೂಸೆಯಲ್ಲಿರುತ್ತದೆ.

ಅದು ಮೊದಲನೇ ಮಹಾಯುದ್ಧಕ್ಕೆ ಹೋದವರಿಗೆ ಕೊಟ್ಟ ಪದಕ. ದಯವಿಟ್ಟು ಅದನ್ನು ಮೂಸೆಗೆ ಹಾಕಬೇಡಿ. ಕೊನೇಪಕ್ಷ, ಹಾಕುವ ಮೊದಲು ಅದರ ಅಂಚನ್ನು ಒಂದು ಸಲ ಓದಿ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಇಷ್ಟು ಪಟ್ಟು ಹಿಡಿದು ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ.

1980ರ ಜನವರಿ. ನನಗೆ ಆಗ 12 ವರ್ಷ. ಅಮೆರಿಕದಲ್ಲಿ ಹಂಟ್ ಅನ್ನುವ ಅಣ್ಣತಮ್ಮಂದಿರು ಬೆಳ್ಳಿಯನ್ನು ರಾಶಿ ರಾಶಿ ಕೊಂಡಿದ್ದರಿಂದ ಲೋಕದಲ್ಲೆಲ್ಲ ಬೆಲೆ ಹುಚ್ಚಾಪಟ್ಟೆ ಏರಿತ್ತು. ಒಂದು ವರ್ಷದ ಹಿಂದೆ ಔನ್ಸ್‌ಗೆ 6 ಡಾಲರ್ ಇದ್ದದ್ದು 50ರ ಹತ್ತಿರ ಹೋಗಿತ್ತು. ಅದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಒಂದೇ: ಅಂಗಡಿ ಮುಂದೆ ಜನ, ಮತ್ತು ರಾತ್ರಿ ಊಟ ಆದಮೇಲೂ ನಾನು ತಿದಿ ಒತ್ತಬೇಕು. ಆ ತಿಂಗಳು ಇಂಥ ಬಿಲ್ಲೆಗಳು ಎಷ್ಟು ಬಂದವು ಅಂತ ಲೆಕ್ಕ ಇಟ್ಟವರಿಲ್ಲ. ಅಪ್ಪಟ ಬೆಳ್ಳಿ ಕರಗುವುದು 960 ಡಿಗ್ರಿ ದಾಟಿದ ಮೇಲೆ. ಮೂಸೆ ಕೆಂಪಗೆ ಕಾದು, ಅಪ್ಪ ಒಂದು ಚಿಟಿಕೆ ಬಿಳಿಗಾರ ಉದುರಿಸಿದಾಗ, ರಾಜನ ಕೆನ್ನೆ ಮೊದಲು ಬೆವರಿದ ಹಾಗೆ ಹೊಳೆಯುತ್ತಿತ್ತು. ಆಮೇಲೆ ಮೂಗು ಕುಸಿಯುತ್ತಿತ್ತು. ಅಂಚು ಕೊನೆಗೆ ಹೋಗುತ್ತಿತ್ತು. ನನಗೆ ಅದು ನೋಡಲು ಬಲು ಇಷ್ಟವಾಗಿತ್ತು. ಆ ಅಂಚಿನಲ್ಲಿ ಏನಿತ್ತು ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದು ನಿವೃತ್ತರಾಗಿ ಬಂದ ಒಬ್ಬ ಸುಬೇದಾರರು ಉಂಗುರ ದೊಡ್ಡದು ಮಾಡಿಸಲು ಬಂದಿದ್ದರು. ನನ್ನ ಮುಂದೆ ಒಂದು ಬಿಲ್ಲೆ ಇತ್ತು. ಅವರು ಅದನ್ನು ಎತ್ತಿಕೊಂಡರು. ಮುಖ ನೋಡಲಿಲ್ಲ, ಬೆನ್ನು ನೋಡಲಿಲ್ಲ. ನೇರ ಅಂಚು ತಿರುಗಿಸಿ, ನನ್ನ ಭೂತಗನ್ನಡಿ ಕಣ್ಣಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ಒಂದು ಸಂಖ್ಯೆ. ಒಂದು ದರ್ಜೆ. ಒಂದು ಹೆಸರು. ಒಂದು ದಳದ ಹೆಸರು. ಓದಿ ಮುಗಿಸಿ, "ಇದು ನಮ್ಮ ಹುಡುಗಂದು ಕಣಪ್ಪ" ಅಂದರು. ಆ ಹುಡುಗ ಬದುಕಿದ್ದರೆ ಅವರ ಅಜ್ಜನ ವಯಸ್ಸಿನವನು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ತಿದಿ ಒತ್ತಿದ ರಾತ್ರಿಗಳು ನೆನಪಾದವು.

ನನ್ನ ಕಸುಬಿನವರಿಗೆ ಈ ಬಿಲ್ಲೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದರ ಹೆಸರು ಬ್ರಿಟಿಷ್ ವಾರ್ ಮೆಡಲ್. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಕೊಡಲು ತೀರ್ಮಾನ ಮಾಡಿದ್ದು. ಅಡ್ಡಗಲ 36 ಮಿಲಿಮೀಟರ್. 100ಕ್ಕೆ 92ರ ಬೆಳ್ಳಿ. ತೂಕ ಸುಮಾರು ಒಂದು ಔನ್ಸ್, ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲಕ್ಕಿಂತ ಸ್ವಲ್ಪ ಜಾಸ್ತಿ. ಬೆಳ್ಳಿಯವೇ ಲೋಕದಲ್ಲಿ ಸುಮಾರು 65 ಲಕ್ಷ ಹಂಚಿದರು. ಅಷ್ಟೊಂದು ಇದ್ದಮೇಲೆ ಒಂದು ಕರಗಿದರೆ ಏನಂತೆ ಅಂತ ನಿಮಗೆ ಅನ್ನಿಸಬಹುದು. 65 ಲಕ್ಷದ ಮುಖವೂ ಒಂದೇ, ಬೆನ್ನೂ ಒಂದೇ. ಆದರೆ ಎರಡು ಬಿಲ್ಲೆಯ ಅಂಚು ಒಂದೇ ಆಗಿರುವುದಿಲ್ಲ. ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ, ಇಷ್ಟನ್ನೂ ಅಂಚಿನ ಮೇಲೆ ಅಚ್ಚು ಒತ್ತಿ ಕೊಟ್ಟಿದ್ದಾರೆ. ಅದೇ ಯುದ್ಧದ ಕಂಚಿನ ನಕ್ಷತ್ರದ ಪದಕ ಸಿಕ್ಕಿದರೆ, ಅದು 1914-15ರ ಸ್ಟಾರ್ ಆಗಿದ್ದರೆ, ಹೆಸರು ಹಿಂಬದಿಯಲ್ಲಿ ಇರುತ್ತದೆ. ನೂರು ವರ್ಷದ ಹಿಂದೆ ಒಬ್ಬ ಬಡ ರೈತನ ಮಗನ ಹೆಸರನ್ನು ಲೋಹದ ಮೇಲೆ ಬರೆದಿದ್ದು ಅದೊಂದೇ ಜಾಗದಲ್ಲಿ ಇರಬಹುದು.

ಹೋದ ವರ್ಷದ ಒಂದು ಸಂಗತಿ. ಕೈವಾರದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. "ಆಚಾರ್ರೇ, ಇದ್ರಲ್ಲಿ ಎಷ್ಟು ಬೆಳ್ಳಿ ಐತೆ ನೋಡಿ" ಅಂತ ಬಿಲ್ಲೆ ಇಟ್ಟರು. ಅದು ಮನೆಯಲ್ಲಿ ಹೇಗೆ ಬಂತು ಅಂತ ಕೇಳಿದೆ. ಮುತ್ತಾತನದಂತೆ. ಮಹಾರಾಜರು ಯಾವುದೋ ಕುಸ್ತಿಗೆ ಕೊಟ್ಟಿದ್ದು ಅಂತ ಅವರ ಅತ್ತೆ ಹೇಳುತ್ತಿದ್ದರಂತೆ. ಅಂಚು ನೋಡಿದೆ. ಸಂಖ್ಯೆ ಇತ್ತು. ಆಮೇಲೆ ಎಸ್‌ಪಿಆರ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ಅಂದರೆ ಸ್ಯಾಪರ್. ಆಮೇಲೆ ಹೆಸರು. ಕೊನೆಗೆ 2 ಕ್ಯೂವಿಒ ಎಸ್ ಅಂಡ್ ಎಂ. ಇದು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ದಳಕ್ಕೆ ಆಗ ಇದ್ದ ಹೆಸರು, ಎರಡನೇ ಕ್ವೀನ್ ವಿಕ್ಟೋರಿಯಾಸ್ ಓನ್. ಸೇತುವೆ, ರಸ್ತೆ, ಕಂದಕ, ಬಾವಿ, ಇವನ್ನೆಲ್ಲ ಗುಂಡಿನ ಮಧ್ಯೆ ಕಟ್ಟುವವರು. ಗಾರೆಯವರು, ಬಡಗಿಗಳು, ಕಮ್ಮಾರರು, ಕಲ್ಲು ಒಡೆಯುವವರು ಅಂದರೆ ಆ ದಳಕ್ಕೆ ಬೇಕಾದ ಜನ.

"ಅಮ್ಮಾ, ನಿಮ್ಮ ಮುತ್ತಾತ ಏನು ಕೆಲಸ ಮಾಡ್ತಿದ್ರು?" ಅಂತ ಕೇಳಿದೆ.

"ಗಾರೆ ಕೆಲಸ. ನಮ್ಮೂರ ದೇವಸ್ಥಾನದ ಪೌಳಿ ಗೋಡೆ ಅವರೇ ಕಟ್ಟಿದ್ದಂತೆ. ಮಿಲಿಟ್ರಿ ಅಂತ ಯಾರೂ ಹೇಳಿಲ್ಲವಲ್ಲ" ಅಂದರು.

ಯಾರೂ ಹೇಳಿರಲಿಲ್ಲ. ಆ ಮನುಷ್ಯ ವಾಪಸು ಬಂದು ಕರಣೆ ಹಿಡಿದು ಪೌಳಿ ಕಟ್ಟಿದರು. ಬಿಲ್ಲೆ ಪೆಟ್ಟಿಗೆ ಸೇರಿತು. ಮದ್ರಾಸ್ ಸ್ಯಾಪರ್‌ಗಳು ಆ ಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕಿನಲ್ಲಿ ಕೆಲಸ ಮಾಡಿದ್ದಾರೆ. 1917ರ ಫೆಬ್ರವರಿ 23ರಂದು ಶುಮ್ರಾನ್ ಹತ್ತಿರ ಟೈಗ್ರಿಸ್ ನದಿಗೆ ಸೇತುವೆ ಹಾಕಿದವರಲ್ಲಿ ಅವರೂ ಇದ್ದರು. ಎದುರು ದಡದಿಂದ ಗುಂಡು ಬರುತ್ತಲೇ ಇತ್ತು. ಇದನ್ನೆಲ್ಲ ಆ ಹೆಣ್ಣುಮಗಳಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಬಿಲ್ಲೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಕಿವಿಯ ಓಲೆ ಬಿಚ್ಚಿ ಗಿರವಿಗೆ ಇಟ್ಟರು. ಆ ಓಲೆಯನ್ನು ಮೊನ್ನೆ ಬಿಡಿಸಿಕೊಂಡು ಹೋದರು ಅಂತ ಹೇಳಲು ನನಗೆ ಸಂತೋಷ. ಅವರ ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಸ್ವತ್ತು.

ಅಂಚು ಓದುವ ಕೆಲಸ ನಮ್ಮ ಊರಿನವರೇ ಮಾಡಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಹೆಸರುಗಳನ್ನು ಬರೆದುಕೊಂಡವರು ದಂಡಿನ ಗುಮಾಸ್ತರು. ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದರು. ಮುನಿಸ್ವಾಮಿ ಅಂಚಿನ ಮೇಲೆ 'ಮೂನೆಸಾಮಿ' ಆಗಿರುತ್ತಾನೆ. ರಾಮಸ್ವಾಮಿ 'ರಾಮಸಾಮಿ' ಆಗಿರುತ್ತಾನೆ. ಲಂಡನ್ನಿನಲ್ಲಿ ಕೂತು ಓದುವವರಿಗೆ ಅದು ಯಾವ ಸೀಮೆಯ ಹೆಸರು ಅಂತ ಹೊಳೆಯುವುದು ಕಷ್ಟ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಅಜ್ಜಿಯೊಬ್ಬರ ಮುಂದೆ ಅದನ್ನು ಗಟ್ಟಿಯಾಗಿ ಓದಿ ನೋಡಿ. "ಓ, ನಮ್ಮ ಮುನಿಸಾಮಿ ತಾತ!" ಅಂತಾರೆ. ಆ ಅಜ್ಜಿಯರು ಇನ್ನೆಷ್ಟು ದಿನ ಇರ್ತಾರೆ, ಹೇಳಿ.

ಕಂಚಿನ ಬಿಲ್ಲೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇದೇ ಬ್ರಿಟಿಷ್ ವಾರ್ ಮೆಡಲನ್ನು ಕಂಚಿನಲ್ಲೂ ಹೊಡೆಸಿದರು, ಸುಮಾರು 1,10,000. ಅವು ಕೂಲಿ ದಳಗಳಲ್ಲಿ ದುಡಿದ ಭಾರತದವರಿಗೆ, ಚೀನಾದವರಿಗೆ, ಮಾಲ್ಟಾದವರಿಗೆ ಹೋದವು. ಅದೇ ಕುದುರೆ, ಅದೇ ರಾಜ, ಅದೇ ಇಸವಿ. ಬಂದೂಕು ಹಿಡಿದವನಿಗೆ ಬೆಳ್ಳಿ, ಹೊರೆ ಹೊತ್ತವನಿಗೆ ಕಂಚು. ನನಗೆ ಇದನ್ನು ಕೈಯಲ್ಲಿ ಹಿಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದೇ ಸಮುದ್ರ ದಾಟಿದವರು, ಅದೇ ಜ್ವರದಲ್ಲಿ ಮಲಗಿದವರು. ನಮ್ಮ ಅಂಗಡಿಗಳಲ್ಲೂ ಈ ಭೇದ ಮುಂದುವರಿಯುತ್ತಿದೆ. ಬೆಳ್ಳಿಯದ್ದನ್ನು ಕೊಳ್ಳುತ್ತೇವೆ. ಕಂಚಿನದ್ದನ್ನು "ಇದು ಗುಜರಿಗೆ ಹಾಕಿ" ಅಂತ ವಾಪಸು ಕೊಡುತ್ತೇವೆ. ಆದರೆ ಸಂಗ್ರಹ ಮಾಡುವವರು ಹುಡುಕುವುದು ಕಂಚನ್ನೇ, ಯಾಕೆಂದರೆ ಕಂಚಿನವು ಕಡಿಮೆ. ನಾನು ಹುಡುಕುವುದಕ್ಕೆ ಕಾರಣ ಬೇರೆ. ಸಿಪಾಯಿಯ ಹೆಸರು ದಳದ ಯಾವುದಾದರೂ ಕಡತದಲ್ಲಿ ಸಿಗಬಹುದು. ಹೊರೆಯಾಳಿನ ಹೆಸರು ಹುಡುಕಲು ಅವನ ಬಿಲ್ಲೆಗಿಂತ ಒಳ್ಳೆ ಜಾಗ ಇಲ್ಲ.

ಪದಕ ಅಂದರೆ ಬಿಳಿಯರ ಚಾಕರಿಯ ಗುರುತು, ಅದನ್ನು ಯಾಕೆ ಉಳಿಸಬೇಕು ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಸೀಮೆಗೆ ಸಂಬಂಧಪಟ್ಟ ಬಹಳ ಹಳೆಯ ಯುದ್ಧದ ಪದಕಗಳು ನಮ್ಮನ್ನು ಸೋಲಿಸಿದ್ದಕ್ಕೇ ಕೊಟ್ಟಂಥವು. 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯ ನಂದಿ ಬೆಟ್ಟದ ಕೋಟೆಯನ್ನು ಹಿಡಿಯಿತು. ಆ ದಂಡಯಾತ್ರೆಯಲ್ಲಿದ್ದ ತನ್ನ ದೇಶೀ ಸಿಪಾಯಿಗಳಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಕೊಟ್ಟಿತು. ಫಿರಂಗಿಯ ಮೇಲೆ ಕಾಲಿಟ್ಟು ಬಾವುಟ ಹಿಡಿದ ಸಿಪಾಯಿ, ಹಿಂದೆ ಶ್ರೀರಂಗಪಟ್ಟಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇನ್ನೊಂದು ಪದಕ ಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಟಂಕಿಸಿದ್ದು. ಸಿಂಹವೊಂದು ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದಿದೆ. ಹುಲಿ ಯಾರು ಅಂತ ಹೇಳಬೇಕಿಲ್ಲ ಅಲ್ವಾ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬೆಳ್ಳಿ, ಆಮೇಲೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ನಂದಿ ಬೆಟ್ಟದ ಮೇಲೆ ನಿಂತು ಕೋಟೆ ಕಾದ ನಮ್ಮವರಿಗೆ ಯಾರೂ ಏನೂ ಕೊಡಲಿಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರನ ಸೈನ್ಯದಲ್ಲಿ ಕೋಲಾರದ ಎಷ್ಟು ಜನ ಇದ್ದರೋ, ಅವರ ಹೆಸರು ಯಾವ ಅಂಚಿನ ಮೇಲೂ ಇಲ್ಲ. ಇದೆಲ್ಲ ಗೊತ್ತಿದ್ದೇ ನಾನು ಈ ಬಿಲ್ಲೆಗಳನ್ನು ಉಳಿಸಿ ಅನ್ನುತ್ತಿದ್ದೇನೆ. ಮೊದಲನೇ ಮಹಾಯುದ್ಧಕ್ಕೆ ಸಮುದ್ರ ದಾಟಿದ ಭಾರತದವರು 10 ಲಕ್ಷಕ್ಕೂ ಜಾಸ್ತಿ. ಸತ್ತವರು 74,000ಕ್ಕೂ ಜಾಸ್ತಿ. ಮಳೆ ಇಲ್ಲದ ಸೀಮೆಯ ಹುಡುಗ ತಿಂಗಳ ಸಂಬಳಕ್ಕೆ ದಂಡಿಗೆ ಸೇರಿದ. ಅವನನ್ನು ಕಳಿಸಿದ ರಾಜ್ಯದ ಮೇಲಿನ ಸಿಟ್ಟನ್ನು ಅವನ ಹೆಸರಿನ ಮೇಲೆ ತೀರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹೆಸರು ಮಾಡಿದವರಿಗೆ ಕಲ್ಲುಗಳಿವೆ. 1918ರ ಸೆಪ್ಟೆಂಬರ್ 23ರಂದು ಇವತ್ತಿನ ಇಸ್ರೇಲಿನ ಹೈಫಾ ಊರನ್ನು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ನುಗ್ಗಿ ಗೆದ್ದರು. ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಹೋದವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬಹಳ ಒಳ್ಳೆಯದು. ನಮ್ಮ ಪೌಳಿ ಕಟ್ಟಿದ ಮುತ್ತಾತನಿಗೆ ಅಂಥ ಪ್ರತಿಮೆ ಬರುವುದಿಲ್ಲ. ಅವರಿಗೆ ಇರುವುದು 36 ಮಿಲಿಮೀಟರಿನ ಬಿಲ್ಲೆಯ ಸುತ್ತ ಒಂದು ಸಾಲು.

ನಮ್ಮ ಎರಡು ಜಿಲ್ಲೆಗಳಲ್ಲಿ ವೀರಗಲ್ಲುಗಳಿಗೆ ಬರ ಇಲ್ಲ. ಗಂಗರ ಕಾಲದ್ದು, ನೊಳಂಬರ ಕಾಲದ್ದು, ಬಾಣರ ಕಾಲದ್ದು ಹೊಲದ ಬದುವಿನಲ್ಲಿ ನಿಂತಿವೆ. ತುರು ಕದಿಯಲು ಬಂದವರನ್ನು ತಡೆದು ಸತ್ತವನ ಹೆಸರು, ಅವನ ಊರು, ಅವನ ನೆತ್ತರಿಗೆ ಬದಲಾಗಿ ಮನೆಯವರಿಗೆ ಕೊಟ್ಟ ಜಮೀನು, ಅಂದರೆ ನೆತ್ತರುಗೊಡಗೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಅವನ್ನು ಇವತ್ತು ನಾವು ಓದಲು ಆಗುತ್ತಿರುವುದು ಯಾಕೆ? ಬಿ.ಎಲ್. ರೈಸ್ ಮತ್ತು ಅವರ ಪಂಡಿತರು ಹಳ್ಳಿ ಹಳ್ಳಿಗೆ ಹೋಗಿ ನಕಲು ಮಾಡಿಕೊಂಡರು. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಅವರ ಶಾಸನಗಳ ಪುಸ್ತಕಮಾಲೆಯ ಕೋಲಾರ ಜಿಲ್ಲೆಯ ಸಂಪುಟ 1905ರಲ್ಲಿ ಬಂತು. ಅವರು ಕಲ್ಲುಗಳನ್ನು ಕಿತ್ತು ಗಾಡಿಗೆ ಹಾಕಿಕೊಂಡು ಹೋಗಲಿಲ್ಲ. ಇದ್ದಲ್ಲೇ ಓದಿ, ಬರೆದು, ಊರಿನ ಹೆಸರು ಹಾಕಿದರು. ಆಮೇಲೆ ಕೆಲವು ಕಲ್ಲು ಒಡೆದವು, ಕೆಲವು ಚಪ್ಪಡಿಯಾದವು. ಬರಹ ಉಳಿಯಿತು.

ಮಾನ್ಯ ಜಿಲ್ಲಾಧಿಕಾರಿಗಳೇ, ಈಗ ನಿಮ್ಮ ಹತ್ತಿರ ಬಂದೆ. ನಾನು ಕೇಳುತ್ತಿರುವುದು ಅದನ್ನೇ. ಜಿಲ್ಲೆಗೆ ಒಂದು ಪದಕ ದಾಖಲೆ ಪುಸ್ತಕ. ವಸ್ತುಸಂಗ್ರಹಾಲಯ ಕಟ್ಟಿ ಅಂತ ಕೇಳುತ್ತಿಲ್ಲ. ಬಿಲ್ಲೆಗಳನ್ನು ತೆಗೆದುಕೊಳ್ಳಿ ಅಂತ ಅಂತೂ ಖಂಡಿತ ಕೇಳುತ್ತಿಲ್ಲ. ಅದಕ್ಕೆ ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಮನೆಯವರು ತಾತನ ನಾಲ್ಕು ಪದಕಗಳನ್ನು ಒಂದು ಪ್ರದರ್ಶನಕ್ಕೆ ಅಂತ ನಂಬಿ ಕೊಟ್ಟರು. ರಸೀತಿ ಕೇಳಲು ಸಂಕೋಚ ಆಯಿತು. ಪ್ರದರ್ಶನ ಮುಗಿಯಿತು, ಪದಕ ಬರಲಿಲ್ಲ. ಕೊಡಿಸಲು ಹೇಳಿದವನು ನಾನೇ. ಅವರ ಮನೆ ಮುಂದೆ ಹೋಗುವಾಗ ಈಗಲೂ ತಲೆ ಎತ್ತಲು ಆಗುವುದಿಲ್ಲ. ಆದ್ದರಿಂದ ಪದಕ ಮನೆಯಲ್ಲೇ ಇರಲಿ. ಸರ್ಕಾರಕ್ಕೆ ಅಂಚಿನ ಸಾಲು ಸಾಕು.

ಆ ಪುಸ್ತಕದಲ್ಲಿ ಏನು ಬೇಕು? ಎರಡೂ ಬದಿಯ ಫೋಟೋ. ಅಂಚನ್ನು ನಾಲ್ಕು ತುಂಡು ಮಾಡಿ ತೆಗೆದ ಫೋಟೋ, ಯಾಕೆಂದರೆ ಗುಂಡಗಿನ ಅಂಚು ಒಂದೇ ಫೋಟೋದಲ್ಲಿ ಬರುವುದಿಲ್ಲ. ಅಂಚಿನ ಬರಹ ಇದ್ದದ್ದು ಇದ್ದ ಹಾಗೆ, ತಪ್ಪು ಸ್ಪೆಲಿಂಗ್ ತಿದ್ದದೆ. ಪಕ್ಕದಲ್ಲಿ ಮನೆಯವರು ಹೇಳುವ ಹೆಸರು ಕನ್ನಡದಲ್ಲಿ. ಊರು, ಹೋಬಳಿ. ಮನೆಯಲ್ಲಿ ಉಳಿದಿರುವ ಮಾತು, ಅದು ಕುಸ್ತಿಯ ಕಥೆಯಾದರೂ ಸರಿ, ಬರೆದುಕೊಳ್ಳಿ. ಮನೆಯವರು ಬೇಡ ಅಂದರೆ ವಿಳಾಸ ಹೊರಗೆ ಬರಬಾರದು, ಕಳ್ಳರ ಭಯ ಇರುತ್ತದೆ. ತಾಲ್ಲೂಕಿಗೆ ಒಂದು ದಿನ, ಸಂತೆಯ ದಿನವೇ ಆದರೆ ಒಳ್ಳೇದು, ಒಂದು ಮೇಜು ಹಾಕಿ. ಒಬ್ಬ ಇತಿಹಾಸದ ಮೇಷ್ಟ್ರು, ಒಬ್ಬ ಮಾಜಿ ಸೈನಿಕರು, ಒಬ್ಬ ಅಕ್ಕಸಾಲಿ ಕೂತರೆ ಸಾಕು. ಅಕ್ಕಸಾಲಿಯ ಕುರ್ಚಿಗೆ ನಾನು ಬರುತ್ತೇನೆ, ಪ್ರತಿ ತಾಲ್ಲೂಕಿಗೂ ಬರುತ್ತೇನೆ.

ಇದು ಆಗದ ಕೆಲಸ ಅನ್ನಬೇಡಿ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಮೊದಲನೇ ಮಹಾಯುದ್ಧಕ್ಕೆ ಹೋದ ಪಂಜಾಬಿಗಳ ಊರುವಾರು ಪಟ್ಟಿ ದಶಕಗಟ್ಟಲೆ ಕಪಾಟಿನಲ್ಲಿ ಕೂತಿತ್ತು. 3,20,000 ಹೆಸರು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸದ ಮೊದಲ ಕಂತು 2021ರಲ್ಲಿ ಜನರ ಮುಂದೆ ಬಂತು. ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳವರು ತಮ್ಮ ಹಳ್ಳಿಯ ಹೆಸರು ಒತ್ತಿ ಮುತ್ತಜ್ಜನನ್ನು ಹುಡುಕಿಕೊಂಡರು. ಅವರಿಗೆ ತಯಾರಿದ್ದ ಪಟ್ಟಿ ಇತ್ತು. ನಾವು ಅಟ್ಟದ ಡಬ್ಬಿಗಳಿಂದ ಪಟ್ಟಿ ಮಾಡಬೇಕು. ಕೆಲಸ ಜಾಸ್ತಿ, ಅದಕ್ಕೇ ಬೇಗ ಶುರು ಮಾಡಬೇಕು.

1947ರ ನಂತರದ ಪದಕಗಳನ್ನೂ ಸೇರಿಸಬೇಕು. ಅವಕ್ಕೆ ಮೂಸೆಯ ಭಯ ಇಲ್ಲ, ಹೆಚ್ಚಿನವು ತಾಮ್ರ-ನಿಕ್ಕಲ್ಲಿನವು. ಗುಜರಿಯ ಭಯ ಇದೆ. ಕಾಶ್ಮೀರದ ಯುದ್ಧಕ್ಕೆ ಹೋದವರಿಗೆ ಜಮ್ಮು ಮತ್ತು ಕಾಶ್ಮೀರ ಅಂತ ಬರೆದ ಲೋಹದ ಪಟ್ಟಿ ಇರುವ ಜನರಲ್ ಸರ್ವಿಸ್ ಮೆಡಲ್, 1965ರವರಿಗೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರವರಿಗೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. 1971ರಲ್ಲಿ 20 ವರ್ಷದ ಹುಡುಗನಾಗಿದ್ದವರು ಈಗ 70 ದಾಟಿ ನಮ್ಮ ನಡುವೆಯೇ ಇದ್ದಾರೆ. ಅವರ ಅಂಚನ್ನು ಅವರೇ ಓದಿ ಹೇಳಬಲ್ಲರು. ಮೊದಲು ಅವರ ಮನೆಗೆ ಹೋಗಿ.

ಸಂಗ್ರಹ ಮಾಡುವವರಿಗೂ ಒಂದು ಮಾತು. ನಾನೂ ನಿಮ್ಮಲ್ಲಿ ಒಬ್ಬ, ಕೆಲವು ಬಿಲ್ಲೆಗಳನ್ನು ಮೂಸೆಯಿಂದ ತಪ್ಪಿಸಲು ದುಡ್ಡು ಕೊಟ್ಟು ಇಟ್ಟುಕೊಂಡಿದ್ದೇನೆ. ಒಬ್ಬ ಸಿಪಾಯಿಯ ಮೂರು ಪದಕ ಒಟ್ಟಿಗೆ ಸಿಕ್ಕಿದರೆ ಬಿಡಿ ಬಿಡಿ ಮಾಡಿ ಮಾರಬೇಡಿ. ಬೇರೆ ಆದಮೇಲೆ ಅವು ಮತ್ತೆ ಒಂದಾಗುವುದಿಲ್ಲ. ಬಣ್ಣ ಹೋದ ರಿಬ್ಬನ್ ಕಿತ್ತು ಹೊಸದು ಹಾಕಬೇಡಿ. ನೂರು ವರ್ಷ ದಾಟಿದ ಹಳೆಯ ವಸ್ತುಗಳನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವಂತಿಲ್ಲ ಅಂತ 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ. ಮೊದಲನೇ ಮಹಾಯುದ್ಧದ ಬಿಲ್ಲೆಗಳಿಗೆ ಈಗ ಆ ವಯಸ್ಸಾಗಿದೆ.

ಮೋಸದ ಮಾಲು ಹೇಗೆ ಗುರುತಿಸುವುದು ಅಂತ ಹೇಳಿಬಿಡುತ್ತೇನೆ, ಇದು ನಮ್ಮ ಕಸುಬಿನ ವಿದ್ಯೆ. ಎರಕ ಹೊಯ್ದ ನಕಲು ಬಿಲ್ಲೆ ಆರುವಾಗ ಕುಗ್ಗುತ್ತದೆ. ಅಳತೆ ಹಾಕಿದರೆ 36ಕ್ಕೆ ಬರುವುದಿಲ್ಲ. ಭೂತಗನ್ನಡಿಯಲ್ಲಿ ಮೈ ಮರಳು ಮರಳಾಗಿ ಕಾಣುತ್ತದೆ, ಸಣ್ಣ ಸಣ್ಣ ತೂತು ಇರುತ್ತದೆ. ಇನ್ನೊಂದು ಮೋಸ ಇದಕ್ಕಿಂತ ಕೆಟ್ಟದ್ದು. ನಿಜವಾದ ಬಿಲ್ಲೆಯ ಅಂಚನ್ನು ಅರದಿಂದ ಉಜ್ಜಿ, ಸಾಮಾನ್ಯ ಸಿಪಾಯಿಯ ಹೆಸರು ಅಳಿಸಿ, ಬೆಲೆ ಬರುವ ದಳದ ಹೆಸರು ಕೊರೆಯುತ್ತಾರೆ. ಅಂಚಿನ ಮೇಲೆ ಬೆರಳು ಸುತ್ತಿಸಿ ನೋಡಿ. ಉಜ್ಜಿದ ಜಾಗ ಸ್ವಲ್ಪ ತಗ್ಗಾಗಿರುತ್ತದೆ. ಅಚ್ಚು ಒತ್ತಿದ ಅಕ್ಷರದ ತಳ ಸಮ ಇರುತ್ತದೆ, ಕೊರೆದ ಅಕ್ಷರದಲ್ಲಿ ಉಳಿ ಹೋದ ದಾರಿ ಕಾಣುತ್ತದೆ. ಇಂಥ ಕೆಲಸವನ್ನು ಮಾಡಿಕೊಡಿ ಅಂತ ನನ್ನ ಹತ್ತಿರವೂ ಒಬ್ಬರು ಬಂದಿದ್ದರು. ನಾನು ಮಾಡಲಿಲ್ಲ. ನಮ್ಮಲ್ಲಿ ಯಾರೂ ಮಾಡಬಾರದು.

ಮನೆಯವರಿಗೆ ಹೇಳುವುದು ಕಡಿಮೆ. ಹಬ್ಬಕ್ಕೆ ಬೆಳ್ಳಿ ಸಾಮಾನು ತೊಳೆಯುವಾಗ ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಾಕಿ ಇದನ್ನೂ ಉಜ್ಜಬೇಡಿ. ಮೊದಲು ಸವೆಯುವುದು ಅಂಚಿನ ಅಕ್ಷರವೇ. ಕಪ್ಪಾಗಿದ್ದರೆ ಇರಲಿ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಜೊತೆಗೆ ಹಳೆ ಪಿಂಚಣಿ ಕಾಗದ, ಡಿಸ್ಚಾರ್ಜ್ ಸರ್ಟಿಫಿಕೇಟು, ಒಂದು ಮಾಸಿದ ಫೋಟೋ ಇದ್ದರೆ ಒಟ್ಟಿಗೇ ಇಡಿ. ಮಾರಲೇಬೇಕಾದ ಕಷ್ಟ ಬಂದರೆ ಮಾರಿ, ಅದಕ್ಕೆ ಯಾರೂ ನಿಮ್ಮನ್ನು ಏನೂ ಅನ್ನುವ ಹಾಗಿಲ್ಲ. ಅದಕ್ಕೆ ಮೊದಲು ಅಂಚನ್ನು ನಿಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿ.

ಅಂಗಡಿಯವರೇ, ನಿಮಗೆ ನಷ್ಟ ಆಗಲಿ ಅಂತ ನಾನು ಹೇಳುವುದಿಲ್ಲ. ಇಂಥ ಬಿಲ್ಲೆ ಬಂದರೆ ಹತ್ತು ದಿನ ಕರಗಿಸದೆ ಇಡಿ. ತಂದವರ ಊರು ಕೇಳಿ ಚೀಟಿ ಬರೆದು ಜೊತೆಗಿಡಿ. ನನಗೆ ಒಂದು ಮಾತು ತಿಳಿಸಿ. ಬೆಳ್ಳಿಯ ಬೆಲೆ ನಾನು ಕೊಡುತ್ತೇನೆ. ನನ್ನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಂಚನ್ನಾದರೂ ಬರೆದುಕೊಂಡು ಹೋಗುತ್ತೇನೆ. ಮನೆಯವರು ಸಿಕ್ಕಿದರೆ ಅದೇ ಬೆಲೆಗೆ ವಾಪಸು ಕೊಡುತ್ತೇನೆ. ಹೀಗೆ ಎರಡು ಬಿಲ್ಲೆ ಮನೆಗೆ ಹೋಗಿವೆ.

ನನ್ನ ಹತ್ತಿರ ಈಗ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅಪ್ಪ ಗಿರವಿ ಬರೆಯುತ್ತಿದ್ದಂಥದ್ದೇ. ಅದರಲ್ಲಿ 43 ಅಂಚುಗಳಿವೆ. 31 ಬೆಳ್ಳಿಯವು, 5 ಕಂಚಿನವು, ಉಳಿದವು ಎರಡನೇ ಮಹಾಯುದ್ಧದ್ದು ಮತ್ತು ನಂತರದ್ದು. ಮನೆತನ ಗೊತ್ತಾಗಿದ್ದು 11. ನೀವು ಒಬ್ಬ ಗುಮಾಸ್ತರನ್ನು ನೇಮಿಸಿ ಜಿಲ್ಲೆಯ ಪುಸ್ತಕ ತೆರೆದ ದಿನ, ಇದರ ಒಂದೊಂದು ಪುಟವನ್ನೂ ನಕಲು ಮಾಡಿಕೊಳ್ಳಲು ಕೊಡುತ್ತೇನೆ. ಅಲ್ಲಿಯವರೆಗೆ ಸಂಜೆ 5ರ ಮೇಲೆ ಅಂಗಡಿಯಲ್ಲೇ ಇರುತ್ತೇನೆ. ಬಿಲ್ಲೆ ತಂದು ತೋರಿಸಿ, ಓದಿ ಹೇಳುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ ನಿಮ್ಮವ,
ಒಬ್ಬ ಅಕ್ಕಸಾಲಿ
ಚಿಂತಾಮಣಿ